ಭೇಷ್ ಅನ್ನಬಾರದ ಕೋಣೆ

ಮಕ್ಕಳ ಬುದ್ಧಿ ಅಳೆಯುವ ಕೆಲಸ ಎಂದರೆ ಈಗಲೂ ಕೆಲವರು ನಗುತ್ತಾರೆ. ಅಕ್ಕಿ ಅಳೆದ ಹಾಗೇನು ಎಂದು ಕೇಳುತ್ತಾರೆ. ನಗುವಂಥದ್ದೇನೂ ಇಲ್ಲ, ಹೆಚ್ಚುಕಡಿಮೆ ಹಾಗೆಯೇ ಅಳೆಯುತ್ತಾರೆ. ನಮ್ಮ ಶಾಲೆಯ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬರು ಇಪ್ಪತ್ತಾರು ವರ್ಷ ಅದನ್ನೇ ಮಾಡಿದರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚ್ ಇರುತ್ತಿದ್ದುದರಿಂದ ಮಕ್ಕಳು ಅವರಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದು ನೆನಪಿರುವವರು ಕಡಿಮೆ.

ನಾನು ಅದೇ ಶಾಲೆಯಲ್ಲಿ ಎರಡನೇ ತರಗತಿಯ ಟೀಚರಾಗಿದ್ದೆ. ಅವರ ಮೇಲೆ ನನಗೆ ಕೋಪವಿದೆ. ಅದಕ್ಕಿಂತ ಜಾಸ್ತಿ ನನ್ನ ಮೇಲಿದೆ. ಅವರು ನಿವೃತ್ತರಾಗಿ ಬಸ್ ಡಿಪೋ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದಾರೆ, ನಾನು ತಿಂಗಳಿಗೊಮ್ಮೆ ಹೋಗಿ ಚಹಾ ಕುಡಿದು ಬರುತ್ತೇನೆ, ಆ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಿನ ವ್ಯವಸ್ಥೆ ಹೀಗಿತ್ತು. ಸುತ್ತಲಿನ ಹದಿನಾಲ್ಕು ಶಾಲೆಗಳಿಂದ ವರ್ಷಕ್ಕೆ ಇಪ್ಪತ್ತು ಮಕ್ಕಳನ್ನು ಆರಿಸಿ ದೊಡ್ಡ ಶಾಲೆಯ ಆಯ್ಕೆ ತರಗತಿಗೆ ಕಳಿಸುತ್ತಿದ್ದರು. ಅಲ್ಲಿ ಬೇರೆ ಪಾಠ, ಬೇರೆ ಟೀಚರುಗಳು, ಹೈಸ್ಕೂಲು ಮುಗಿಯುವ ತನಕ ಪುಸ್ತಕ, ಬಸ್ಸು, ಊಟ ಎಲ್ಲ ಶಾಲೆಯದ್ದೇ. ಮಗುವಿಗೆ ಏಳು ವರ್ಷ ತುಂಬುವುದರೊಳಗೆ ಒಂದೇ ಒಂದು ಸಲ ಪರೀಕ್ಷೆ. ತಪ್ಪಿದರೆ ತಪ್ಪಿತು. ಮೊದಲು ತರಗತಿಯ ಟೀಚರು ಮಗುವಿನ ಹೆಸರು ಸೂಚಿಸಬೇಕು, ಆಮೇಲೆ ಮಗು ಒಂದೊಂದಾಗಿ ಗಡಿಯಾರದಮ್ಮನ ಕೋಣೆಗೆ ಹೋಗಬೇಕು.

ಕೋಣೆಯಲ್ಲಿ ಕಾಲು ಕತ್ತರಿಸಿ ತಗ್ಗಿಸಿದ ಮೇಜು, ಎರಡು ಕುರ್ಚಿ, ಒಂದು ಬೀರು. ಮಗು ಹೊರಗೆ ನೋಡಬಾರದೆಂದು ಕಿಟಕಿಯ ಗಾಜಿಗೆ ಅರ್ಧದ ತನಕ ಬಿಳಿ ಬಣ್ಣ ಬಳಿದಿದ್ದರು. ಬೀರುವಿನಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮರದ ಒಂಬತ್ತು ಚೌಕ ತುಂಡುಗಳು, ಕೆಲವು ಮುಖ ಕೆಂಪು, ಕೆಲವು ಬಿಳಿ, ಕೆಲವು ಮೂಲೆಯಿಂದ ಮೂಲೆಗೆ ಅರ್ಧರ್ಧ. ಜೊತೆಗೆ ಹದಿನಾಲ್ಕು ಚಿತ್ರಗಳ ಪುಸ್ತಕ. ಚಿತ್ರ ನೋಡಿ ತುಂಡುಗಳನ್ನು ಹಾಗೇ ಜೋಡಿಸಬೇಕು, ಜೋಡಿಸಿ "ಮುಗೀತು" ಅನ್ನಬೇಕು. ಆಗ ಗಡಿಯಾರ ನಿಲ್ಲುತ್ತದೆ, ಅದಕ್ಕೆ ಮೊದಲೇ ಆ ಚಿತ್ರದ ಸಮಯ ಮೀರಿದರೆ ತಪ್ಪು ಎಂದೇ ಲೆಕ್ಕ. ಇದಾದ ಮೇಲೆ ಮಾತಿನ ಪ್ರಶ್ನೆಗಳು.

ಈ ಕೆಲಸದ ದೊಡ್ಡ ನಿಯಮವೆಂದರೆ ಪರೀಕ್ಷೆ ಮಾಡುವವರು ಮಗುವಿಗೆ ಸರಿ ಎನ್ನಬಾರದು, ತಪ್ಪು ಎನ್ನಬಾರದು, ತಲೆ ಆಡಿಸಬಾರದು, ನಗಬಾರದು. ಗಡಿಯಾರದಮ್ಮ ಎಲ್ಲಕ್ಕೂ "ಮುಂದಿನದು" ಎನ್ನುತ್ತಿದ್ದರು. ಮಗು ಅದ್ಭುತವಾಗಿ ಜೋಡಿಸಿದರೂ ಮುಂದಿನದು, ತುಂಡನ್ನು ಬಾಯಿಗೆ ಹಾಕಿಕೊಂಡರೂ ಮುಂದಿನದು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಸಂಬಳ ಕೊಡುವ ಕೆಲಸ ಅದೊಂದೇ ಇರಬೇಕು. ಆರು ವಾರದ ತರಬೇತಿಯಲ್ಲಿ ಅವರಿಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ. ಟೈಪಿಸ್ಟ್ ಆಗಿದ್ದವರನ್ನು ಆರಿಸಿದ್ದೂ ಮುಖದಲ್ಲಿ ಏನೂ ಕಾಣದು ಎಂಬ ಕಾರಣಕ್ಕಂತೆ.

ಅಭ್ಯಾಸ ಮನೆಗೂ ಹೋಯಿತು. ಅವರ ಯಜಮಾನರು ಬಸ್ ಕಂಡಕ್ಟರು, ಬಾಯಿ ಜೋರು. "ಮದುವೆಯಾಗಿ ಇಷ್ಟು ವರ್ಷ ಆಯ್ತು ಟೀಚರ್, ನಾನು ಪಾಸೋ ಫೇಲೋ ಇವಳು ಇನ್ನೂ ಹೇಳಿಲ್ಲ" ಎಂದು ನನ್ನೆದುರಿಗೇ ಅಂದಿದ್ದರು. ಗಡಿಯಾರದಮ್ಮ ಚಹಾ ಲೋಟ ಇಟ್ಟು "ನಿಮ್ದು ಇನ್ನೂ ಮುಗ್ದಿಲ್ಲ" ಎಂದರು. ಅವರು ಹಾಸ್ಯ ಮಾಡಿದ್ದನ್ನು ನಾನು ಕಂಡದ್ದು ಅಷ್ಟೇ.

ಅವರ ಮಗನಿಗೂ ಆರು ತುಂಬಿದಾಗ ಹೆಸರು ಬಂತು. ತಾಯಿ ಮಗನನ್ನು ಪರೀಕ್ಷಿಸುವಂತಿಲ್ಲವಾದ್ದರಿಂದ ಬೇರೆ ಕಡೆಯಿಂದ ಒಬ್ಬರು ಬಂದರು. ಮೂರು ಅಂಕಕ್ಕೆ ತಪ್ಪಿತು. ಹುಡುಗನ ಉತ್ತರದ ಹಾಳೆ ಅವರದೇ ಬೀರುವಿನಲ್ಲಿತ್ತು, ಬೀಗದ ಕೈ ಅವರದೇ ಚೀಲದಲ್ಲಿತ್ತು. ತೆಗೆದು ನೋಡಲಿಲ್ಲ. "ಇವಳನ್ನು ಟಿಕೆಟ್ ಇಲ್ದೆ ಬಸ್ ಹತ್ತಿಸಿದ್ರೆ ಅರ್ಧ ದಾರೀಲಿ ಇಳಿದು ನಡ್ಕೊಂಡು ಬರ್ತಾಳೆ" ಎಂದು ಯಜಮಾನರು ಗೊಣಗಿದರು. ಮಗ ಈಗ ಲಿಫ್ಟು ರಿಪೇರಿ ಮಾಡುತ್ತಾನೆ, ಚೆನ್ನಾಗಿದ್ದಾನೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಪರೀಕ್ಷೆಯ ತಿಂಗಳಲ್ಲಿ ನಮ್ಮ ಮಹಡಿಯ ಮೆಟ್ಟಿಲ ಮೇಲೆ ಅಂಥ ಹೆತ್ತವರದ್ದೇ ಸಾಲು. ಕೆಲವರು ಮಕ್ಕಳನ್ನು ವರ್ಷಗಟ್ಟಲೆ ತಯಾರು ಮಾಡಿ ತರುತ್ತಿದ್ದರು. ಪೇಟೆಯಲ್ಲಿ ಇದಕ್ಕೇ ಟ್ಯೂಷನ್ ಇತ್ತು, ಇಂಥದ್ದೇ ತುಂಡುಗಳು, ಇಂಥದ್ದೇ ಚಿತ್ರಗಳು. ಪುಸ್ತಕ ಬಿಚ್ಚುವ ಮೊದಲೇ ಕೈ ತುಂಡಿಗೆ ಹೋಗುವ ಮಕ್ಕಳನ್ನು ನಾನೇ ನೋಡಿದ್ದೇನೆ. ನಾನು ಹೇಗೆ ನೋಡಿದೆ ಎಂದರೆ, ಪರೀಕ್ಷೆ ನಡೆಯುವಾಗ ಮಗುವಿನ ಟೀಚರು ಹಿಂದಿನ ಮೂಲೆಯಲ್ಲಿ ಸಾಕ್ಷಿಯಾಗಿ ಕೂರಬೇಕಿತ್ತು. ಬಾಯಿ ಬಿಡುವಂತಿರಲಿಲ್ಲ. ಅರ್ಜಿಯಲ್ಲಿ ಏಳನೇ ಅಂಕಣ ಒಂದಿತ್ತು: ಈ ಮಗು ಪರೀಕ್ಷೆಯ ಸಾಮಗ್ರಿಯನ್ನು ಹಿಂದೆ ನೋಡಿದೆಯೇ? ನೋಡಿದ್ದರೆ ಪರೀಕ್ಷೆ ಇಲ್ಲ. ಆ ಟ್ಯೂಷನ್ ಮಕ್ಕಳ ಅಪ್ಪಂದಿರೆಲ್ಲ ಅಲ್ಲಿ ದುಂಡಗೆ "ಇಲ್ಲ" ಎಂದು ಬರೆಯುತ್ತಿದ್ದರು. ಕೆಳಗೆ ಪರೀಕ್ಷಕರೂ "ಇಲ್ಲ" ಎಂದು ಬರೆದು ಸಹಿ ಹಾಕಬೇಕಿತ್ತು. ಗಡಿಯಾರದಮ್ಮ ತಮಗೆ ಗೊತ್ತಿರುವಷ್ಟಕ್ಕೆ ಸಹಿ ಹಾಕುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಕೋಣೆಗಳನ್ನು ಗುಡಿಸಲು ಒಬ್ಬಾಕೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ನಾಲ್ಕು ವರ್ಷದ ಮಗಳನ್ನೂ ಕರೆತರುತ್ತಿದ್ದಳು. ಹಿಡಿಯಷ್ಟು ಹುಡುಗಿ, ಬಾಯಿ ಮಾತ್ರ ಚುರುಕು. ಮೆಣಸಿನಕಾಳು ಎಂದು ಯಾರೋ ಕರೆದರು, ಆಮೇಲೆ ಅದು ಬರೀ ಕಾಳು ಆಯಿತು. ಅಕ್ಕ ಮಹಡಿಯ ಆರು ಕೋಣೆ ಗುಡಿಸುವಷ್ಟು ಹೊತ್ತು ಕಾಳು ಎಲ್ಲಿಯಾದರೂ ಕೂತಿರಬೇಕಲ್ಲ. ಗಡಿಯಾರದಮ್ಮ ಆ ಹೊತ್ತಿನಲ್ಲಿ ವರದಿ ಬರೆಯುತ್ತಿದ್ದರು. ಹುಡುಗಿ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದಳಂತೆ. ಸುಮ್ಮನಿರಲಿ ಎಂದು ಒಂದು ದಿನ ಒಂಬತ್ತು ತುಂಡುಗಳನ್ನು ಮುಂದಿಟ್ಟು "ಎಣಿಸಿ ಪೆಟ್ಟಿಗೆಗೆ ಹಾಕು" ಎಂದರು.

ಎಣಿಸಿ ಹಾಕಿದಳು. ಮರುದಿನ ಹಾಕುವ ಮೊದಲು ಅವನ್ನು ಜೋಡಿಸಿ ಒಂದು ಬಾಣ ಮಾಡಿದಳು. ಗಡಿಯಾರದಮ್ಮ ರದ್ದಿ ಹಾಳೆಯ ಮೇಲೆ ಒಂದು ನಕ್ಷೆ ಗೀಚಿ ಕೊಟ್ಟರು. ಅದನ್ನೂ ಜೋಡಿಸಿದಳು. "ಭೇಷ್" ಎಂದರು ಗಡಿಯಾರದಮ್ಮ. ಇಡೀ ದಿನ ಆ ಕೋಣೆಯಲ್ಲಿ ಕೂತು ಯಾವ ಮಗುವಿಗೂ ಅನ್ನುವಂತಿಲ್ಲದ ಮಾತು ಅದು. ಪರೀಕ್ಷೆ ಮುಗಿದಿತ್ತು, ಮಗು ಪರೀಕ್ಷೆಯ ಮಗು ಅಲ್ಲ, ಅನ್ನಬಹುದಿತ್ತು. ಆಮೇಲೆ ದಿನಾ ಸಂಜೆ ಒಂದು ನಕ್ಷೆ, ಒಂದು ಭೇಷ್. ಹೀಗೆ ಎರಡೂವರೆ ವರ್ಷ ನಡೆಯಿತು. ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ.

ಕಾಳು ನನ್ನ ತರಗತಿಗೆ ಬಂದಳು. ಕೂತಲ್ಲಿ ಕೂರುವವಳಲ್ಲ, ನನಗೆ ಅವಳಿಂದ ತಲೆನೋವೇ. ಒಂದು ದಿನ ನೋಟ್‌ಬುಕ್ಕುಗಳ ಕಟ್ಟು ಬಂತು, ಒಂದೊಂದು ಕಟ್ಟಿನಲ್ಲಿ ಆರು. ತರಗತಿಯಲ್ಲಿ ನಲವತ್ಮೂರು ಮಕ್ಕಳು. ನಾನು ಕಟ್ಟು ಬಿಚ್ಚುತ್ತಾ ಲೆಕ್ಕ ಹಾಕುತ್ತಿದ್ದೆ. "ಟೀಚರ್, ಏಳು ಕಟ್ಟು ಬಿಚ್ಚಿದ್ರೆ ಒಬ್ರಿಗೆ ಸಿಗಲ್ಲ. ಎಂಟು ಬಿಚ್ಚಿ, ಐದು ಪುಸ್ತಕ ಉಳಿಯುತ್ತೆ" ಎಂದಳು. ಗುಣಾಕಾರ ನಾನಿನ್ನೂ ಕಲಿಸಿರಲಿಲ್ಲ. ಹೇಗೆ ಗೊತ್ತಾಯ್ತು ಎಂದು ಕೇಳಿದೆ. ಕಟ್ಟುಗಳನ್ನು ಮನಸ್ಸಿನಲ್ಲಿ ಸಾಲಾಗಿ ಇಟ್ಟು ನೋಡಿದೆ ಎಂದಳು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ನಾಲ್ಕೇ ಮಕ್ಕಳ ಹೆಸರನ್ನು ಮನಸ್ಸು ತುಂಬಿ ಸೂಚಿಸಿದ್ದೇನೆ. ಅಂದು ಸಂಜೆಯೇ ಕಾಳುವಿನ ಅರ್ಜಿ ತುಂಬಿದೆ. ಏಳು ತುಂಬಲು ಎರಡು ತಿಂಗಳಿತ್ತು.

ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ತಡವರಿಸುತ್ತಾ ಸಹಿಯೇ ಹಾಕಿದಳು. "ಹೈಸ್ಕೂಲ್ ತನಕ ಎಲ್ಲಾ ಅವ್ರೇ ನೋಡ್ಕೋತಾರಾ ಟೀಚರಮ್ಮ?" ಎಂದು ಎರಡು ಸಲ ಕೇಳಿದಳು. ಏಳನೇ ಅಂಕಣ ನಾನೇ ಓದಿ ಹೇಳಬೇಕಿತ್ತು. "ಇದೆಲ್ಲ ಮಾಮೂಲಿ" ಎಂದು ದಾಟಿಸಿ, ನಾನೇ "ಇಲ್ಲ" ಎಂದು ಬರೆದೆ. ಅರ್ಜಿಯನ್ನು ಗಡಿಯಾರದಮ್ಮನ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ಓದಿ ಮಡಚಿ ಮೇಜಿನ ಖಾನೆಗೆ ಹಾಕಿಕೊಂಡರು.

ಮೂರು ದಿನ ಅರ್ಜಿ ಮುಂದೆ ಹೋಗಲಿಲ್ಲ. ನಾಲ್ಕನೇ ದಿನ ಕೇಳಲು ಹೋದೆ.

"ಈ ಮಗು ಸಾಮಗ್ರಿ ನೋಡಿದೆ ಟೀಚರ್."

"ಎಲ್ಲಿ ನೋಡಿದಾಳೆ?"

"ಇಲ್ಲೇ. ನಾನೇ ಕೊಟ್ಟಿದ್ದು." ಎರಡೂವರೆ ವರ್ಷದ ಕಥೆ ಅಷ್ಟೂ ಹೇಳಿದರು.

ಆ ಚಿತ್ರಗಳ ಪುಸ್ತಕ ತೋರಿಸಿದ್ದೀರಾ ಎಂದು ಕೇಳಿದೆ. ಇಲ್ಲವಂತೆ, ಗೀಚಿದ ನಕ್ಷೆಗಳು ಮಾತ್ರ. ಮತ್ತೇನು ಎಂದೆ. ತುಂಡುಗಳೂ ಸಾಮಗ್ರಿಯೇ ಎಂದರು. ಯಾರಿಗೆ ಗೊತ್ತಾಗುತ್ತೆ ಎಂದೆ. ತನಗೆ ಗೊತ್ತಲ್ಲ ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ಟ್ಯೂಷನ್‌ನಿಂದ ಬಂದವರಿಗೆಲ್ಲ ಇಲ್ಲ ಅಂತ ಬರೀತೀರಲ್ಲ, ಅದು ಗೊತ್ತಿಲ್ವಾ?"

"ಅವರು ನೋಡಿದ್ದನ್ನ ನಾನು ನೋಡಿಲ್ಲ."

"ನೋಡದ ಹಾಗೆ ಇರೋದು ನಿಮಗೆ ಅಭ್ಯಾಸ ಆಗಿದೆ ಬಿಡಿ."

ಹಾಗೆ ಅನ್ನಬಾರದಿತ್ತು. ಅಂದಾಯಿತು. ಅವರು ಕೊರಳಿನ ಗಡಿಯಾರವನ್ನು ತೆಗೆದು ಮೇಜಿನ ಮೇಲಿಟ್ಟು, ಅಕ್ಕನನ್ನು ಕರೆಯಿರಿ ಎಂದರು.

ಅಕ್ಕ ಪೊರಕೆ ಹಿಡಿದೇ ಬಂದಳು. ಗಡಿಯಾರದಮ್ಮ ಸುತ್ತಿಬಳಸದೆ ಹೇಳಿದರು, ತುಂಡು ಮುಟ್ಟಿದ ಮಕ್ಕಳಿಗೆ ಪರೀಕ್ಷೆ ಇಲ್ಲ, ತಪ್ಪು ತಮ್ಮದು ಎಂದು. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ದುಡ್ಡು ಕೊಟ್ಟು ಆಡಿಸಿದವರ ಮಕ್ಕಳಿಗೆ ಆಗುತ್ತೆ. ನೀವು ಪ್ರೀತಿಯಿಂದ ಕೊಟ್ರಿ, ನಮ್ಮ ಹುಡುಗಿಗೆ ಆಗಲ್ಲ. ಹಾಗೇ ತಾನೆ ಅಮ್ಮ?"

ಅಕ್ಕ ಉಳಿದ ಕೋಣೆ ಗುಡಿಸಲು ಹೋದಳು. ನಾನು ಬಿಡಲಿಲ್ಲ. ಆ ಸಂಜೆ, ಮರುದಿನ, ಅದರ ಮರುದಿನ, ಬೆನ್ನು ಬಿಡದ ಬೇತಾಳದ ಹಾಗೆ ಹತ್ತಿದೆ. ನಿಯಮ ಅಂತ ನಿಮ್ಮ ಮಗನ ಹಾಳೆಯನ್ನೂ ತೆಗೆದು ನೋಡಲಿಲ್ಲ, ಅವನ ಅವಕಾಶ ಹೋಯಿತು, ಇವಳದ್ದೂ ಹೋಗಬೇಕಾ ಎಂದು ಕೂಡ ಕೇಳಿದೆ. ಅರ್ಜಿ ಕಳಿಸುವ ಕೊನೆಯ ದಿನ ಮಧ್ಯಾಹ್ನ ಅವರು ಪೆನ್ನು ತೆಗೆದು ಏಳನೇ ಅಂಕಣದ ಕೆಳಗೆ "ಇಲ್ಲ" ಎಂದು ಬರೆದರು. ಸಹಿಯ ಕೊನೆಯ ಗೆರೆ ಚೌಕಟ್ಟು ದಾಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡಿದ್ದನ್ನು ಅವರು ಆ ಹುಡುಗಿಗಾಗಿ ಕೊಟ್ಟರು, ಕೊಡಿಸಿದವಳು ನಾನು. ಆ ದಿನ ನನಗೆ ಗೆದ್ದ ಖುಷಿಯೇ ಇತ್ತು.

ಏಳನೇ ಅಂಕಣದ ಚಿಂತೆಯಲ್ಲಿ ಒಂದು ವಿಷಯ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಮಕ್ಕಳ ನಡುವೆಯೇ ಕೂದಲು ಬೆಳ್ಳಗಾದವರು ನಾವು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಾಳು ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಒಗೆದ ಫ್ರಾಕು. ತನ್ನ ಕುರ್ಚಿ ತಾನೇ ಎಳೆದುಕೊಂಡು ಕೂತಳು. ನಾನು ಹಿಂದಿನ ಮೂಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಗಡಿಯಾರದಮ್ಮ ಬೇರೆ ಮಕ್ಕಳಿಗೆ ಹೇಳುವುದನ್ನೇ ಅದೇ ದನಿಯಲ್ಲಿ ಹೇಳಿದರು. ಚಿತ್ರದಲ್ಲಿರುವ ಹಾಗೆ ಜೋಡಿಸು, ಆದ ಮೇಲೆ ಮುಗೀತು ಅನ್ನು. ಕಾಳು ಅವರ ಮುಖವನ್ನೇ ನೋಡಿದಳು. ದಿನಾ ಸಂಜೆಯ ಅಮ್ಮ ಇವತ್ತು ಬೇರೆ ಥರ ಮಾತಾಡುತ್ತಿದ್ದರು.

ಮೊದಲ ನಾಲ್ಕು ಚಿತ್ರ ಸುಲಭದವು. ಚಕಚಕ ಜೋಡಿಸಿದಳು, ಮುಗೀತು ಅಂದಳು. "ಮುಂದಿನದು", "ಮುಂದಿನದು". ಒಂದೊಂದಕ್ಕೂ ಅವಳು ತಲೆಯೆತ್ತಿ ಸ್ವಲ್ಪ ಕಾಯುತ್ತಿದ್ದಳು. ಐದನೆಯದನ್ನು ಇಪ್ಪತ್ತು ಸೆಕೆಂಡಿನಲ್ಲಿ ಜೋಡಿಸಿದಳು. ನಾನು ಇದ್ದಲ್ಲಿಂದಲೇ ಕಾಣುತ್ತಿತ್ತು, ಒಂದು ಮೂಲೆಯೂ ತಪ್ಪಿರಲಿಲ್ಲ. ಆದರೆ ಮುಗೀತು ಅನ್ನಲಿಲ್ಲ. ಗಡಿಯಾರದಮ್ಮನ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಗಡಿಯಾರ ಓಡುತ್ತಿತ್ತು. ಕಾಳು ಕೆಳಗೆ ನೋಡಿ, ಮೂಲೆಯ ಒಂದು ತುಂಡನ್ನು ತಿರುಗಿಸಿದಳು. ಮತ್ತೆ ಮುಖ ನೋಡಿದಳು. ಇನ್ನೊಂದನ್ನು ತಿರುಗಿಸಿದಳು. ಆಮೇಲೆ ಎಲ್ಲವನ್ನೂ ಕೆಡವಿ ಮೊದಲಿನಿಂದ ಶುರು ಮಾಡಿದಳು. ಸಮಯ ಮುಗಿಯಿತು.

"ಮುಂದಿನದು."

ಆಗ ನನಗೆ ಅರ್ಥವಾಯಿತು. ಎರಡೂವರೆ ವರ್ಷ ಆ ತುಂಡುಗಳು ಸರಿಯಾಗಿ ಕೂತಾಗಲೆಲ್ಲ ಒಂದು ಮಾತು ಬರುತ್ತಿತ್ತು. ಬರಲಿಲ್ಲವೆಂದರೆ ತಪ್ಪಿದೆ ಎಂದೇ ಅವಳಿಗೆ ಗೊತ್ತಿದ್ದದ್ದು. ಆರನೆಯದನ್ನೂ ಸರಿಯಾಗಿ ಜೋಡಿಸಿದಳು, ಕಾದಳು, ಕೆಡವಿದಳು. ಏಳನೆಯದೂ ಹಾಗೆಯೇ. ಎಂಟನೆಯದನ್ನು ಎರಡು ಸಲ ಜೋಡಿಸಿ ಎರಡು ಸಲವೂ ಕೆಡವಿದಳು. ಒಂದು ಮಾತು ಸಾಕಿತ್ತು. ನಾನು ಆಡಬಹುದಿತ್ತು, ಮೂಲೆಯಲ್ಲಿ ಕೂತ ಸಾಕ್ಷಿ ಕೆಮ್ಮಿದ್ದರೂ ಸಾಕಿತ್ತು. ಅರ್ಜಿಯಲ್ಲಿ ಸುಳ್ಳು ಬರೆಸಲು ಹಿಂಜರಿಯದ ನಾನು ಆ ಕೋಣೆಯಲ್ಲಿ ಬಾಯಿ ತೆರೆಯಲು ಹೆದರಿದೆ. ಗಡಿಯಾರದಮ್ಮನ ತುಟಿ ಒಂದೆರಡು ಸಲ ಅಲುಗಿತು. ಹೊರಗೆ ಬಂದದ್ದು ಮಾತ್ರ ಮುಂದಿನದು ಎಂಬ ಮಾತೇ.

ಸತತ ನಾಲ್ಕು ತಪ್ಪಾದರೆ ಆ ಭಾಗ ನಿಲ್ಲಿಸಬೇಕು. ಎಂಟಕ್ಕೆ ನಿಂತಿತು. ಮಾತಿನ ಪ್ರಶ್ನೆಗಳಿಗೆ ಅವಳು ಪಟಪಟ ಉತ್ತರ ಹೇಳಿದಳು, ಅಲ್ಲಿ ಅವಳಿಗೆ ಹಳೆಯ ಅಭ್ಯಾಸವೇನೂ ಇರಲಿಲ್ಲ. ಗಡಿಯಾರದಮ್ಮ ಕೂಡಿಸಿದರು. ನಲವತ್ತಾರು ಬೇಕಿತ್ತು, ನಲವತ್ತನಾಲ್ಕು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸಾಕ್ಷಿಗೆ ಮಾತಾಡುವ ಹಕ್ಕು ಬರುತ್ತದೆ. ನಾನು ಮೇಜಿನ ಬಳಿ ಹೋಗಿ ಪಿಸುಗುಟ್ಟಿದೆ. "ಮೊದಲು ಸರಿಯಾಗೇ ಜೋಡಿಸಿದ್ಲು. ನಾಲ್ಕೂ. ನಾನು ನೋಡಿದೀನಿ, ನೀವೂ ನೋಡಿದೀರಿ. ಅದನ್ನ ಬರೀರಿ."

"ಕೆಡವಿದಳಲ್ಲ ಟೀಚರ್."

"ಒಂದು ಸುಳ್ಳು ಬರೆದಾಗಿದೆ. ಇದು ಸುಳ್ಳೂ ಅಲ್ಲ."

"ಅವಳು ಮುಗೀತು ಅನ್ನಲಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ಹಾಳೆಯ ಮೇಲೆ ನಲವತ್ತನಾಲ್ಕು ಎಂದು ಬರೆದು, ಕೆಳಗೆ ನೇರವಾಗಿ, ಚೌಕಟ್ಟು ದಾಟದ ಹಾಗೆ ಸಹಿ ಹಾಕಿದರು. ಅವತ್ತು ನನಗೆ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಕಾಳು ಅಷ್ಟರಲ್ಲಿ ದಿನದ ಹಾಗೆ ತುಂಡುಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಒಂಬತ್ತನೆಯದನ್ನು ಹಾಕಿ ಮುಚ್ಚಳ ಮುಚ್ಚಿದಳು. ಗಡಿಯಾರದಮ್ಮ ಕುರ್ಚಿಯಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕೂತರು.

"ಭೇಷ್" ಎಂದರು.

"ಯಾವುದಕ್ಕೆ?" ಎಂದು ಕೇಳಿದಳು ಕಾಳು.

ಅವರು ಚಿತ್ರದ ಪುಸ್ತಕ ತೆಗೆದರು. ಐದನೇ ಚಿತ್ರ ತೋರಿಸಿ ಇದಕ್ಕೆ ಎಂದರು. ಹಾಳೆ ಮಗುಚಿ ಆರನೆಯದಕ್ಕೆ, ಏಳನೆಯದಕ್ಕೆ, ಎಂಟನೆಯದಕ್ಕೆ ಬೆರಳಿಟ್ಟು ಇದಕ್ಕೆ, ಇದಕ್ಕೆ, ಇದಕ್ಕೂ ಎಂದರು.

ಹುಡುಗಿ ನಾಲ್ಕೂ ಚಿತ್ರಗಳನ್ನು ಮತ್ತೊಮ್ಮೆ ನೋಡಿದಳು.

"ಹಾಗಾದ್ರೆ ನಾನು ಕೆಡವಬಾರದಿತ್ತಾ?"

"ಕೆಡವಬಾರದಿತ್ತು ಮಗಳೇ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಅಮ್ಮ?"

ಗಡಿಯಾರದಮ್ಮ ಪುಸ್ತಕ ಮುಚ್ಚಿದರು. ಕಾಳು ಫ್ರಾಕು ಕೊಡವಿಕೊಂಡು ಕೆಳಗೆ ತರಗತಿಗೆ ಹೋದಳು.

ಮರುದಿನದಿಂದ ಅವಳು ಸಂಜೆ ಮಹಡಿ ಹತ್ತಲಿಲ್ಲ. ಅಕ್ಕ ಗುಡಿಸಿ ಇಳಿಯುವ ತನಕ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮೇಲೆ ಗಡಿಯಾರದಮ್ಮ ಒಂಬತ್ತು ತುಂಡುಗಳನ್ನು ತಾವೇ ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು.